ಸ್ಪಷ್ಟನೆ: ಗೇರ್‌ಗಳ ಸಂಖ್ಯೆ ಸೈಕಲ್ಲಿನ ವೇಗವನ್ನು ಹೇಳುವುದಿಲ್ಲ

21 ಗೇರ್‌ಗಳ ಸೈಕಲ್ 7 ಗೇರ್‌ಗಳ ಸೈಕಲ್ಲಿಗಿಂತ ಹೆಚ್ಚು ವೇಗವಾಗಿ ಓಡುತ್ತದೆ, ಆದ್ದರಿಂದ ಕೊಳ್ಳುವಾಗ ಸಂಖ್ಯೆಯನ್ನೇ ನೋಡಬೇಕು ಎಂಬ ಮಾತು ಹೊಸದಾಗಿ ಸೈಕಲ್ ಕೊಳ್ಳುವವರ ನಡುವೆ ಹರಿದಾಡುತ್ತಿದೆ. ಇದು ಸರಿಯಲ್ಲ.

21 ಎಂಬುದು ಮುಂದಿನ 3 ಹಲ್ಲುಚಕ್ರಗಳನ್ನು ಹಿಂದಿನ 7ರಿಂದ ಗುಣಿಸಿ ಬಂದ ಸಂಖ್ಯೆ ಮಾತ್ರ. ಮುಂದೆ 42, 34 ಮತ್ತು 24 ಹಲ್ಲುಗಳೂ ಹಿಂದೆ 14ರಿಂದ 28ರವರೆಗಿನ ಹಲ್ಲುಗಳೂ ಇರುವ ಸೈಕಲ್ಲನ್ನೇ ತೆಗೆದುಕೊಳ್ಳೋಣ: 42ನ್ನು 24ರಿಂದ, 34ನ್ನು 20ರಿಂದ, 24ನ್ನು 14ರಿಂದ ಭಾಗಿಸಿದರೆ ಮೂರು ಸಲವೂ ಉತ್ತರ ಸುಮಾರು 1.7 ಬರುತ್ತದೆ, ಅಂದರೆ ಪೆಡಲನ್ನು ಒಂದು ಸುತ್ತು ತುಳಿದಾಗ ಹಿಂದಿನ ಗಾಲಿ ಮೂರರಲ್ಲೂ ಹೆಚ್ಚುಕಡಿಮೆ ಅಷ್ಟೇ ತಿರುಗುತ್ತದೆ; ಹೀಗೆ 21ರಲ್ಲಿ ಕೆಲವು ಗೇರ್‌ಗಳು ಒಂದೇ ಕೆಲಸ ಮಾಡುತ್ತವೆ. ನೋಡಬೇಕಾದದ್ದು ಹೀಗೆ ಭಾಗಿಸಿ ಬರುವ ಉತ್ತರಗಳಲ್ಲಿ ಅತಿ ಚಿಕ್ಕದು (ತುಳಿಯಲು ಹಗುರ) ಮತ್ತು ಅತಿ ದೊಡ್ಡದು (ತುಳಿಯಲು ಭಾರ) ಎಂಬ ಎರಡು ತುದಿಗಳನ್ನು. ಈ ಸೈಕಲ್ಲಿನಲ್ಲಿ ಅತಿ ಹಗುರ ಗೇರ್ 0.86 (24ನ್ನು 28ರಿಂದ ಭಾಗಿಸಿದಾಗ), ಅತಿ ಭಾರದ್ದು 3 (42ನ್ನು 14ರಿಂದ ಭಾಗಿಸಿದಾಗ). ಮುಂದೆ 32 ಹಲ್ಲುಗಳ ಒಂದೇ ಚಕ್ರ, ಹಿಂದೆ 10ರಿಂದ 51ರವರೆಗೆ 12 ಚಕ್ರಗಳಿರುವ ಸೈಕಲ್ಲಿನಲ್ಲಿ ಅವು 0.63 ಮತ್ತು 3.2, ಕಡಿಮೆ ಗೇರ್‌ಗಳಿದ್ದರೂ ವ್ಯಾಪ್ತಿ ಹೆಚ್ಚು.

ಭಾರವಾದ ಗೇರಿನಲ್ಲೇ ಏರು ಹತ್ತಿದರೆ ಕಾಲಿಗೆ ಬಲ ಬರುತ್ತದೆ ಎಂಬ ಸಲಹೆಯನ್ನೂ, ವಿಶೇಷವಾಗಿ ಮಂಡಿನೋವಿರುವವರು, ದಯವಿಟ್ಟು ನಂಬಬಾರದು. ನಂದಿಬೆಟ್ಟದಂಥ ದೀರ್ಘ ಏರಿನಲ್ಲಿ ಹಗುರವಾದ ಗೇರಿಗೆ ಮೊದಲೇ ಇಳಿಸಿ, ಒಂದೇ ಲಯದಲ್ಲಿ ತುಳಿಯುವುದು ಒಳ್ಳೆಯದು. ಏರಿನ ನಡುವೆ ಪೆಡಲಿನ ಮೇಲೆ ಪೂರ್ಣ ಭಾರ ಹಾಕಿ ಗೇರ್ ಬದಲಿಸಿದರೆ ಚೈನ್ ಜಾರುವ ಅಥವಾ ಕಳಚುವ ಸಾಧ್ಯತೆಯಿದೆ.