ಬಚ್ಚಲುಮನೆಯ ಇನ್ನೊಂದು ತೊಳೆತ

ಇಂಗ್ಲೆಂಡಿನ ಹಾಡುಗಾರರ ತಂಡ ಬೀಟಲ್ಸ್‌ನವರ ಬಚ್ಚಲುಮನೆಯನ್ನು, ಅಂದರೆ ಅಲ್ಲಿ ಹಿಡಿದ ಹಳೇ ಟೇಪನ್ನು, ಮತ್ತೆ ತೊಳೆದಿದ್ದಾರೆ. 1995ರಲ್ಲಿ ಅವರ ಹಳೇ ಟೇಪುಗಳ ಸಂಗ್ರಹ ‘ಅಂಥಾಲಜಿ’ ಬಂದಾಗ, ಅವರ ಹಾಡುಗಳ ನಿರ್ಮಾಪಕ ಜಾರ್ಜ್ ಮಾರ್ಟಿನ್ ಅವರ ಉಸ್ತುವಾರಿಯಲ್ಲಿ ಒಂದು ಸಲ ತಿಕ್ಕಿದ್ದರು. 2025ರ ನವೆಂಬರಿನಲ್ಲಿ ಅದೇ ಅಂಥಾಲಜಿ ಹೊಸ ಪೆಟ್ಟಿಗೆಯಲ್ಲಿ ಬಂದಾಗ ಅವರ ಮಗ ಜೈಲ್ಸ್ ಮಾರ್ಟಿನ್ ಇನ್ನೊಂದು ಬಿಂದಿಗೆ ನೀರು ಹೊಯ್ದರು. ಅಪ್ಪ ತೊಳೆದದ್ದನ್ನು ಮಗ ತೊಳೆಯುವುದು ಒಳ್ಳೆಯ ಸಂಸ್ಕಾರವೇ. ಆದರೆ ನೀರಿನ ಬಿಲ್ಲು ಪ್ರತಿ ಸಲ ನಮ್ಮ ಮನೆಗೇ ಯಾಕೆ ಬರಬೇಕು?

ಯಾವ ಬಚ್ಚಲು ಅಂತ ಬೀಟಲ್ಸ್ ಹುಚ್ಚರಿಗೆ ಹೇಳಬೇಕಾಗಿಲ್ಲ. ಲಿವರ್‌ಪೂಲಿನ ಫೋರ್ತ್‌ಲಿನ್ ರಸ್ತೆಯ 20ನೇ ನಂಬರಿನದ್ದು. ಪಾಲ್ ಮೆಕಾರ್ಟ್ನಿಯ ಮನೆ. 1960ರಲ್ಲಿ ಯಾರದೋ ಗ್ರುಂಡಿಗ್ ಟೇಪ್ ರೆಕಾರ್ಡರ್ ಕಡ ತಂದು, ಪಾಲ್ ಹೇಳುವ ಪ್ರಕಾರ ಬಚ್ಚಲಲ್ಲೇ ಕೂತು, ಹುಡುಗರು ಗಿಟಾರ್ ಬಾರಿಸಿದರು. ಪಾಲ್, ಜಾನ್ ಲೆನನ್, ಜಾರ್ಜ್ ಹ್ಯಾರಿಸನ್, ಜೊತೆಗೆ ಬೇಸ್ ಗಿಟಾರ್ ಹಿಡಿದ ಸ್ಟೂವರ್ಟ್ ಸಟ್‌ಕ್ಲಿಫ್. ಸ್ಟೂವರ್ಟ್‌ಗೆ ಚಿತ್ರ ಬರೆಯೋದು ಚೆನ್ನಾಗಿ ಬರ್ತಿತ್ತು. ಬೇಸ್ ಅಷ್ಟಕ್ಕಷ್ಟೆ. ಡ್ರಮ್ಸ್ ಇಲ್ಲವೇ ಇಲ್ಲ. ಡ್ರಮ್ಸ್ ಬಾರಿಸೋ ರಿಂಗೊ ಬರೋಕೆ ಇನ್ನೂ ಎರಡು ವರ್ಷ ಇತ್ತು. ಆ ಟೇಪಿನಿಂದ ಮೂರು ತುಣುಕು ಕತ್ತರಿಸಿ ಅಂಥಾಲಜಿಗೆ ಹಾಕಿದರು. ಮೂರೂ ಸೇರಿ ನಾಲ್ಕು ನಿಮಿಷ. ಅನ್ನಕ್ಕೆ ಇಟ್ಟ ಕುಕ್ಕರ್ ಮೊದಲ ವಿಸಿಲ್ ಹೊಡೆಯೋಕೂ ಅದಕ್ಕಿಂತ ಜಾಸ್ತಿ ಹೊತ್ತು ಬೇಕು.

ಅದರಲ್ಲಿ ‘ಯೂ ವಿಲ್ ಬಿ ಮೈನ್’ ಅಂತೊಂದಿದೆ. ಪಾಲ್ ಹೊಟ್ಟೆಯೊಳಗಿಂದ ದನಿ ತೆಗೆದು, ಕಂಪನಿ ನಾಟಕದ ಭೀಮನ ಥರ ಹಾಡುತ್ತಾನೆ. ಹಿಂದೆ ಜಾನ್‌ನದು ಕೀರಲು ದನಿ. ನಡುವೆ ಅದೇ ಜಾನ್ ಪ್ರೇಯಸಿಗೆ ಭಾರೀ ಗಂಭೀರವಾಗಿ ಏನೋ ಹೇಳೋಕೆ ಹೊರಡುತ್ತಾನೆ. ಆ ಪ್ರೇಮದ ಮಾತು ಹೋಗಿ ಹೋಗಿ ಸರ್ಕಾರಿ ಆಸ್ಪತ್ರೆಯವರು ಕೊಟ್ಟ ಕಣ್ಣುಗುಡ್ಡೆಗೆ ಮುಟ್ಟುತ್ತದೆ. ಮನೆಯಲ್ಲಿ ದೊಡ್ಡವರಿಲ್ಲದಾಗ ಹುಡುಗರು ಮಾಡೋ ಕಿತಾಪತಿ, ಅಷ್ಟೆ. ಈಗ ಅದರ ಕೆಳಗೆ ‘ಲೆನನ್–ಮೆಕಾರ್ಟ್ನಿ’ ಅಂತ ಅಚ್ಚಾಗಿದೆ. ಹಕ್ಕುಗಳನ್ನು ಕಾಯ್ದಿರಿಸಲಾಗಿದೆ. ಯಾರೂ ಆ ಕಣ್ಣುಗುಡ್ಡೆಯನ್ನು ಕದಿಯುವಂತಿಲ್ಲ.

ಬಚ್ಚಲನ್ನೂ ಬಿಟ್ಟಿಲ್ಲ. ಊರಿನ ಕೌನ್ಸಿಲ್ ಬಾಡಿಗೆಗೆ ಕೊಡುತ್ತಿದ್ದ ಆ ಪುಟ್ಟ ಮನೆ ಈಗ ನ್ಯಾಷನಲ್ ಟ್ರಸ್ಟ್‌ನದ್ದು. ರಾಜರ, ಜಮೀನ್ದಾರರ ಬಂಗಲೆ ನೋಡಿಕೊಳ್ಳುವ ಅದೇ ಟ್ರಸ್ಟ್. ಟಿಕೆಟ್ ತಗೊಂಡು, ಮಿನಿಬಸ್ಸಿನಲ್ಲಿ ಹೋಗಿ ನೋಡಬೇಕು.

ನನಗೆ ಹೊಟ್ಟೆಕಿಚ್ಚು ಅಂತ ನೀವು ಅಂದರೆ, ಹೌದು. ನಾನೂ ಹತ್ತನೇ ಕ್ಲಾಸಿನ ರಜೆಯಲ್ಲಿ ಬಚ್ಚಲೊಲೆಯ ಪಕ್ಕ ಕೂತು ಒಂದು ಕ್ಯಾಸೆಟ್ ತುಂಬ ಹಾಡಿದ್ದೆ. ಗೋಡೆ ಒಳ್ಳೇ ಗುಂಯ್ ಅಂತಿತ್ತು. ಎರಡು ವಾರ ಕಳೆದು ಹಾಕಿ ನೋಡಿದರೆ ಪಕ್ಕದ್ಮನೆ ಆಂಟಿಯ ದೇವರನಾಮ! ಅಮ್ಮ ಅದರ ಮೇಲೆಯೇ ರೆಕಾರ್ಡ್ ಮಾಡಿಸಿದ್ದಳು. ಕೇಳಿದ್ದಕ್ಕೆ, ‘ಖಾಲಿ ಇದೆ ಅಂದ್ಕೊಂಡೆ ಕಣೋ, ಬರೀ ಗಲಾಟೆ ಇತ್ತು’ ಅಂದಳು. ಇಷ್ಟು ಚೊಕ್ಕ ವಿಮರ್ಶೆ ಅಂಥಾಲಜಿಗೆ ಯಾರೂ ಬರೆದಿಲ್ಲ.

ಇರಲಿ. ಬಚ್ಚಲಿನದು ಕೇಳೋಕಾದರೂ ಸಿಗುತ್ತೆ. ಇನ್ನೊಂದು ಟೇಪಿದೆ ನೋಡಿ. 1957ರ ಜುಲೈ 6, ವುಲ್ಟನ್ನಿನ ಸೇಂಟ್ ಪೀಟರ್ಸ್ ಚರ್ಚಿನ ಜಾತ್ರೆ. ಜಾನ್‌ಗೆ ಪಾಲ್ ಮೊದಲ ಸಲ ಸಿಕ್ಕ ದಿನ. ಬಾಬ್ ಮಾಲಿನ್ಯೂ ಅನ್ನೋ ಹುಡುಗ ಆ ಸಂಜೆ ತನ್ನ ಗ್ರುಂಡಿಗ್‌ನಲ್ಲಿ, ಮೂರಿಂಚಿನ ಸುರುಳಿಯ ಮೇಲೆ, ಜಾನ್‌ನ ಕ್ವಾರಿಮೆನ್ ತಂಡದ ಹಾಡು ಹಿಡಿದಿಟ್ಟ. ಆಮೇಲೆ ಅವನು ಪೊಲೀಸ್ ಆದ. ಸುರುಳಿಯನ್ನು ಎಸೆಯಲಿಲ್ಲ. 1994ರಲ್ಲಿ ಸದಬೀಸ್ ಹರಾಜಿಗೆ ಬಂತು. ಬೀಟಲ್ಸ್ ಹಾಡು ಹೊರತರುವ ಇಎಂಐ ಕಂಪನಿ 78,500 ಪೌಂಡ್ ಕೊಟ್ಟು ಎತ್ತಿಕೊಂಡು ಹೋಯಿತು. ಒಯ್ದು ಕೇಳಿದರು. ಕೇಳಿ, ಧ್ವನಿ ಚೆನ್ನಾಗಿಲ್ಲ ಅಂತ ಅಂಥಾಲಜಿಗೆ ಹಾಕಲಿಲ್ಲ!

ಸಂತೆಯಲ್ಲಿ ಬದನೆಕಾಯಿ ಕೊಳ್ಳುವವರೂ ತಿರುಗಿಸಿ ಹುಳ ನೋಡ್ತಾರೆ, ಅಲ್ವಾ? ಚರ್ಚಿನ ಹಾಲ್‌ನಲ್ಲಿ, ಗದ್ದಲದ ನಡುವೆ, ಒಂದೇ ಮೈಕಿನಲ್ಲಿ ಹಿಡಿದದ್ದು ಹೇಗಿರುತ್ತೆ ಅಂತ ಅಷ್ಟು ದೊಡ್ಡ ರೆಕಾರ್ಡಿಂಗ್ ಕಂಪನಿಗೆ ಗೊತ್ತಿರಲಿಲ್ಲವೇ?

ತಮಾಷೆ ಸಾಕು. ಒಂದು ಮಾತು ನೇರ ಹೇಳಿಬಿಡ್ತೀನಿ. ಬಚ್ಚಲಿನ ಟೇಪಿನ ಧ್ವನಿ ಏನು ರೇಷ್ಮೆಯೇ? ಅದನ್ನು ಹಾಕೋಕೆ ಅಡ್ಡಿಯಾಗದ ಕಿವಿ ಇದಕ್ಕೆ ಮಾತ್ರ ಯಾಕೆ ನೊಂದಿತು? ಆ ಪೊಲೀಸಪ್ಪ ಮೂವತ್ತೇಳು ವರ್ಷ ಕಾಪಾಡಿದ್ದನ್ನು ಇವರು ದುಡ್ಡು ಕೊಟ್ಟು ಒಳಗೆ ಹಾಕಿದರು. ನಮಗೆ ಸಿಕ್ಕಿದ್ದು ಅರ್ಧ ನಿಮಿಷದ ಚೂರು. ಕೇಳಿದರೆ ಗುಣಮಟ್ಟ ಅಂತಾರೆ. ಈ ಕಂಪನಿಗಳಿಗೆ ಗುಣಮಟ್ಟ ಯಾವಾಗ ನೆನಪಾಗುತ್ತೆ, ಯಾವಾಗ ಮರೆಯುತ್ತೆ ಅಂತ ನೋಡಿ ನೋಡಿ ನನಗೆ ಸುಸ್ತಾಗಿದೆ. 2013ರ ಡಿಸೆಂಬರಿನಲ್ಲಿ ಇದ್ದಕ್ಕಿದ್ದಂತೆ 1963ರ 59 ರೆಕಾರ್ಡಿಂಗ್‌ಗಳು ಐಟ್ಯೂನ್ಸ್‌ನಲ್ಲಿ ಬಂದು ಕೂತವು. ಐವತ್ತು ವರ್ಷದೊಳಗೆ ಹೊರಗೆ ಬಿಡದಿದ್ದರೆ ಯುರೋಪಿನ ಕಾನೂನು ಪ್ರಕಾರ ಹಕ್ಕು ಕೈತಪ್ಪುತ್ತಿತ್ತು. ಆಗ ಯಾರೂ ಗುಣಮಟ್ಟದ ಮಾತೆತ್ತಲಿಲ್ಲ.

ಹೊಸ ಪೆಟ್ಟಿಗೆ ನಾನೂ ತರಿಸಿದೆ. ಬೈದುಕೊಂಡೇ ತರಿಸಿದೆ. ಅದೇ ನಾಲ್ಕು ನಿಮಿಷಕ್ಕೆ ಇದು ಮೂರನೇ ಸಲ ದುಡ್ಡು ಕೊಟ್ಟಿದ್ದು. ಭೀಮ ಇದ್ದಾನೆ, ಕಣ್ಣುಗುಡ್ಡೆ ಇದೆ. ಹನ್ನೆರಡು ಎಲ್‌ಪಿ ಮಗುಚಿ ಹಾಕಿದೆ, ಆ ಮೂರಿಂಚಿನ ಸುರುಳಿಗೆ ಮಾತ್ರ ಜಾಗ ಸಿಕ್ಕಿಲ್ಲ.