ಬೂಟು ತೊಳೆದು ಕೊಟ್ಟ ಆಫೀಸರ್

ಆಕ್ಲೆಂಡ್ ವಿಮಾನ ನಿಲ್ದಾಣದಲ್ಲಿ ಒಬ್ಬ ಸರ್ಕಾರಿ ಅಧಿಕಾರಿ ನಮ್ಮಪ್ಪನ ಬೂಟು ತೊಳೆದು ಕೊಟ್ಟ.

ದಸರಾ ಮುಗಿಸಿಕೊಂಡು ಅಪ್ಪ, ಅವ್ವ ಇಬ್ಬರೂ ಮೊದಲ ಸಲ ನನ್ನ ಕಡೆ ಬಂದಿದ್ದರು. ಹೊರಡುವ ದಿನ ಬೆಳಿಗ್ಗೆಯೂ ಅಪ್ಪ ತೊಗರಿ ನೋಡಿ ಬರ್ತೀನಿ ಅಂತ ಹೊಲಕ್ಕೆ ಹೋಗಿದ್ದನಂತೆ. ಜೇವರ್ಗಿ ಕಡೆಯ ಎರೆ ಮಣ್ಣು ಗೊತ್ತಲ್ಲ, ಒಮ್ಮೆ ಹತ್ತಿತೆಂದರೆ ಸುಮ್ನೆ ಬಿಡುವುದಿಲ್ಲ. ಹೈದರಾಬಾದಿನಲ್ಲಿ ವಿಮಾನ ಹತ್ತಿ, ನಡುವೆ ಇನ್ನೊಂದು ಬದಲಿಸಿ, ನ್ಯೂಜಿಲೆಂಡ್ ತನಕ ಬೂಟಿನ ಅಡಿಯಲ್ಲೇ ಕೂತು ಬಂದಿತ್ತು. ಹೊರಗಿನ ಮಣ್ಣಿನ ಜೊತೆ ಹುಳ, ರೋಗ ದೇಶದೊಳಗೆ ಬರಬಾರದು ಅಂತ ಇಲ್ಲಿ ತಪಾಸಣೆ. ಅಲ್ಲಿದ್ದ ಹುಡುಗ ಕೈಗವಸು ಹಾಕಿಕೊಂಡು ಬೂಟನ್ನು ಒಳಗೆ ಒಯ್ದ. ಬ್ರಷ್ಷಿನಿಂದ ತಿಕ್ಕಿ ತೊಳೆದು, ಒದ್ದೆ ಬೂಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ತಂದು ಕೈಗಿಟ್ಟು, ಥ್ಯಾಂಕ್ ಯೂ ಸರ್ ಅಂದನಂತೆ. ಕಾರಿನಲ್ಲಿ ಕೂತ ಮೇಲೂ ಅಪ್ಪನದು ಅದೇ ಮಾತು. “ಏ ತಮ್ಮಾ, ಆಫೀಸರ್ ಇದ್ದನೋ ಅಂವ! ನನ್ನ ಬೂಟ ತೊಳ್ದು ಕೊಟ್ಟ ನೋಡು!”

ಅವ್ವನಿಗೆ ಮಾತ್ರ ಸಿಟ್ಟು. ಶೇಂಗಾ ಹಿಂಡಿ, ಅಗಸಿ ಹಿಂಡಿ, ಕಡಕ್ ರೊಟ್ಟಿ ಎಲ್ಲ ಬಿಚ್ಚಿ ನೋಡಿ ಬಿಟ್ಟರು. ಮೊಮ್ಮಕ್ಕಳ ಕೈಗೆ ಕೊಡಬೇಕೆಂದು ಸೀರೆ ಮಡಿಕೆಯಲ್ಲಿ ಜೋಪಾನ ಮಾಡಿ ತಂದಿದ್ದ ಬನ್ನಿ ಡಬ್ಬಿಗೆ ಬಿತ್ತು. “ಬಂಗಾರ ಕಸಕ್ಕ ಹಾಕ್ಯಾರ, ಇವ್ರು ಹ್ಯಾಂಗ ಉದ್ಧಾರ ಆಗ್ತಾರ?” ಅಂತ ಮನೆ ಮುಟ್ಟುವ ತನಕ ಗೊಣಗಿದಳು. ದಂಡವೇನೂ ಬೀಳಲಿಲ್ಲ. ಮಣ್ಣು, ತಿನಿಸು, ಗಿಡ ಏನಾದರೂ ತಂದಿದ್ದೀರಾ ಅಂತ ಕೇಳುವ ಫಾರ್ಮಿನಲ್ಲಿ ಎಲ್ಲದಕ್ಕೂ ಯೆಸ್ ಅಂತ ಹಾಕ್ರಿ ಅಂತ ಮೊದಲೇ ಹೇಳಿದ್ದೆ. ಹೇಳಿ ಒಪ್ಪಿಸಿದರೆ ದಂಡ ಇಲ್ಲ. ಮುಚ್ಚಿಟ್ಟರೆ ಒಂದು ಸೇಬಿಗೂ ನಿಂತ ಜಾಗದಲ್ಲೇ 400 ಡಾಲರ್.

ಅವ್ವನ ಬನ್ನಿಗಿಂತ ಅಪ್ಪನ ಬೂಟೇ ನನ್ನ ತಲೆಯಲ್ಲಿ ಉಳಿಯಿತು. ನಮ್ಮ ಕಡೆ ಸರ್ಕಾರಿ ಕಚೇರಿಗೆ ಹೋದ ರೈತ ಚಪ್ಪಲಿ ಬಾಗಿಲ ಹೊರಗೆ ಬಿಟ್ಟು ಒಳಗೆ ಹೋಗುತ್ತಾನೆ. ಬಿಡು ಅಂತ ಯಾರೂ ಹೇಳಿರುವುದಿಲ್ಲ. ಆತನ ಚಪ್ಪಲಿಗೆ ಏನು ಹತ್ತಿದೆ, ಆತನ ಹೊಲದಲ್ಲಿ ಏನು ಹುಟ್ಟಿದೆ ಅಂತ ಒಳಗಿದ್ದವರು ಕೇಳುವುದೂ ಇಲ್ಲ.

ಇಲ್ಲಿ ಕೇಳುವುದೇ ಕೆಲಸ. 2015ರ ಫೆಬ್ರುವರಿಯಲ್ಲಿ ಆಕ್ಲೆಂಡಿನ ಗ್ರೇ ಲಿನ್ ಅನ್ನುವ ಬಡಾವಣೆಯಲ್ಲಿ ಬಲೆಗೆ ಒಂದು ಗಂಡು ನೊಣ ಬಿತ್ತು. ಆಸ್ಟ್ರೇಲಿಯಾ ಕಡೆಯ ಕ್ವೀನ್ಸ್‌ಲ್ಯಾಂಡ್ ಹಣ್ಣಿನ ನೊಣ. ಒಂದೇ ನೊಣಕ್ಕೆ ಇಡೀ ಬಡಾವಣೆಯ ಸುತ್ತ ಗೆರೆ ಎಳೆದರು. ಅಲ್ಲಿನವರು ತಮ್ಮ ಹಿತ್ತಲಿನ ಹಣ್ಣು, ಟೊಮೆಟೊ ಹೊರಗೆ ಒಯ್ಯುವಂತಿಲ್ಲ. ಸಿಪ್ಪೆ ಹಾಕಲು ಬೇರೆ ಡಬ್ಬಿ ಕೊಟ್ಟರು. ಮನೆ ಮನೆಗೆ ಹೋಗಿ ಗಿಡ ನೋಡಿದರು, ಬಿದ್ದ ಹಣ್ಣು ಕೊಯ್ದು ಹುಳ ಹುಡುಕಿದರು. ಇನ್ನಷ್ಟು ನೊಣ ಸಿಕ್ಕವು. ಡಿಸೆಂಬರ್ ಹೊತ್ತಿಗೆ ಪೂರ್ತಿ ಹೋಯಿತು ಅಂತ ಸಾರಿದರು. ಖರ್ಚು ಒಂದು ಕೋಟಿ ಡಾಲರಿಗೂ ಜಾಸ್ತಿ. 2018ರ ಫೆಬ್ರುವರಿಯಲ್ಲಿ ಜಪಾನಿನಿಂದ ಕಾರು ಹೊತ್ತು ಬಂದ ಹಡಗುಗಳಲ್ಲಿ ಗಬ್ಬು ನಾರುವ ಒಂದು ಜಾತಿಯ ತಿಗಣೆ ಕಂಡಾಗ, ಹಡಗುಗಳನ್ನೇ ಹಿಂದಕ್ಕೆ ಕಳಿಸಿದರು. ಅದೇ ವರ್ಷ ಮೇ ತಿಂಗಳಲ್ಲಿ ಅಮೆರಿಕದ ಸೈನಿಕ ಹುಳು ನಮ್ಮ ಶಿವಮೊಗ್ಗದ ಮೆಕ್ಕೆಜೋಳದಲ್ಲಿ ಮೊದಲ ಸಲ ಕಂಡಿತ್ತು. ಮರುವರ್ಷಕ್ಕೆ ಅದು ದೇಶ ಸುತ್ತಿ ಆಗಿತ್ತು.

ಇಲ್ಲಿ ನನ್ನ ಪಕ್ಕದ ಮನೆಯ ಅಜ್ಜಿಗೆ ಕಿಟಕಿಯಲ್ಲಿ ಅಂಥದೊಂದು ತಿಗಣೆ ಕಂಡಿತು. ಉಚಿತ ನಂಬರಿಗೆ ಫೋನ್ ಮಾಡಿದಳು. ಹೊಡೆದು ಬಿಸಾಡಬೇಡಿ, ಬಾಟಲಿಯಲ್ಲಿ ಹಿಡಿದಿಟ್ಟು ಫೋಟೊ ಕಳಿಸಿ ಅಂದರು. ಕಳಿಸಿದಳು. ಇದು ನಮ್ಮದೇ ಹುಳ, ಭಯ ಇಲ್ಲ, ತಿಳಿಸಿದ್ದಕ್ಕೆ ಉಪಕಾರ ಅಂತ ಉತ್ತರ ಬಂತು. ಮುಗೀತು. ಆದರೆ ಅಜ್ಜಿ ಈಗಲೂ ಕಿಟಕಿ ನೋಡುತ್ತಾಳೆ.

ನಮ್ಮ ಕಾಕಾನದು ಶಹಾಪುರದ ಕಡೆ ಕಾಲುವೆ ನೀರಿನ ಹೊಲ. 2021ರಲ್ಲಿ ಮೆಣಸಿನಕಾಯಿ ಹೂವಿನೊಳಗೆ ಕಪ್ಪು ನುಸಿ ಕಂಡಿತು. ಹೂವು ಬಿಡಿಸಿ ಅಂಗೈಗೆ ಕೊಡವಿದರೆ ಚುಕ್ಕೆ ಚುಕ್ಕೆಯಾಗಿ ಓಡಾಡುತ್ತಿದ್ದವು ಅನ್ನುತ್ತಾನೆ. ಹಳೆಯ ನುಸಿ ಎಲೆಯಲ್ಲಿರುತ್ತಿತ್ತು, ಇದು ಹೂವನ್ನೇ ಹಿಡಿದಿತ್ತು. ಹೊಸದು ಅಂತ ಮೊದಲ ದಿನವೇ ಗೊತ್ತಾಗಿತ್ತು ಕಾಕಾನಿಗೆ. ಹೇಳಿದ್ದು ಯಾರಿಗೆ? ಎಣ್ಣಿ ಅಂಗಡಿಯವನಿಗೆ, ಅಂದರೆ ಕೀಟನಾಶಕ ಮಾರುವವನಿಗೆ. ಅಂವ ಮೂರು ಬಾಟಲಿ ಕೊಟ್ಟ, ಉದ್ರಿ ಬರೆದುಕೊಂಡ. ಆಮೇಲೆ ಇನ್ನೊಂದು ಬಾಟಲಿ. ಕಚೇರಿಯೊಂದಕ್ಕೂ ಹೋಗಿ ಬಂದ, ಸಾಹೇಬರು ಮೀಟಿಂಗಿನಲ್ಲಿದ್ದರು. ಕೊನೆಗೆ ಗಿಡ ಕಿತ್ತು ಹಾಕಿ ಕಡಲೆ ಬಿತ್ತಿದ ಮೇಲೆ ಜೀಪಿನಲ್ಲಿ ಯಾರೋ ಬಂದು ಹೊಲದ ಬದುವಿನಲ್ಲಿ ನಿಂತು ಫೋಟೊ ತೆಗೆದುಕೊಂಡು ಹೋದರಂತೆ. ಕಡಲೆಯ ಫೋಟೊ.

ಅದೇ ನುಸಿ ನಮ್ಮ ದೇಶದಲ್ಲಿ ಮೊದಲು ಸಿಕ್ಕಿದ್ದು 2015ರಲ್ಲಿ, ಬೆಂಗಳೂರಿನ ಪಪ್ಪಾಯಿ ಗಿಡದಲ್ಲಿ. ಅಂದರೆ ಶಹಾಪುರ ಮುಟ್ಟುವುದಕ್ಕೆ ಅದಕ್ಕೆ ಸಾಕಷ್ಟು ಟೈಮ್ ಇತ್ತು. ನಮಗೂ ಇತ್ತು.

ಕಾನೂನು ಇಲ್ಲ ಅಂತಲ್ಲ. ನ್ಯೂಜಿಲೆಂಡಿನ ಈಗಿನ ಕಾಯ್ದೆ 1993ರದ್ದು. ಪೀಡೆಯ ಕೀಟ ಹೊರಗಿನಿಂದ ಬರದಂತೆ ತಡೆಯುವ ಕಾಯ್ದೆ ನಮ್ಮಲ್ಲಿ 1914ರಲ್ಲೇ ಆಗಿದೆ. ಕಾಂಗ್ರೆಸ್ ಕಸ ಹಬ್ಬಿದ್ದು ಅದಾದ ಮೇಲೆ, ಅಮೆರಿಕದ ಗೋಧಿಯ ಜೊತೆ ಬಂತು ಅನ್ನುತ್ತಾರೆ. ಬಳ್ಳಾರಿ ಜಾಲಿಯನ್ನಂತೂ ನಾವೇ ಕರೆದು ತಂದು ನೆಟ್ಟಿದ್ದು. ಕಲಬುರಗಿಯಿಂದ ಯಾದಗಿರಿಗೆ ರೈಲಿನಲ್ಲಿ ಹೋಗುವಾಗ ಕಿಟಕಿಯ ಹೊರಗೆ ನೋಡಿ, ಹಳ್ಳ, ಕೆರೆಯಂಗಳ, ಬೀಳು ಹೊಲ, ಎಲ್ಲ ಕಡೆ ಅದೇ ಕಂಟಿ.

ಇಷ್ಟೆಲ್ಲ ಊರಲ್ಲಿರುವ ತಮ್ಮನಿಗೆ ಫೋನಿನಲ್ಲಿ ಹೇಳಿದೆ. ಅಂವ ಎಲ್ಲ ಕೇಳಿ, “ಅಣ್ಣಾ, ನಿಮ್ಮೂರಿಗಿ ಸುತ್ತ ಸಮುದ್ರ ಅದ. ನಮಗೇನದ? ಈ ಕಡಿ ಸೋಲಾಪುರ, ಆ ಕಡಿ ತಾಂಡೂರ. ಲಾರಿ ಗಾಲಿ ಯಾರ್ ತೊಳೀಬೇಕು?” ಅಂದ. ಅದು ಖರೆ. ಸೈನಿಕ ಹುಳುವಿನ ಪತಂಗ ರಾತ್ರಿ ಹಾರಿ ಬರುತ್ತದೆ, ಅದರ ಬೂಟು ಯಾರು ನೋಡಬೇಕು? ಇಲ್ಲಿನವರೂ ಎಲ್ಲದರಲ್ಲಿ ಗೆದ್ದಿಲ್ಲ. ಜೇನು ಕೊಲ್ಲುವ ವರೋವಾ ನುಸಿ 2000ದಲ್ಲಿ ಒಳಗೆ ಬಂತು, ಇನ್ನೂ ಇದೆ. ತುಪ್ಪಳಕ್ಕೆಂದು 1837ರಲ್ಲಿ ಆಸ್ಟ್ರೇಲಿಯಾದಿಂದ ಪಾಸಮ್ ಅನ್ನುವ ಪ್ರಾಣಿಯನ್ನು ತಂದವರು ಇವರೇ. ಅದನ್ನು, ಜೊತೆಗೆ ಇಲಿ ಮತ್ತು ಸ್ಟೋಟ್ ಅನ್ನುವ ಮುಂಗುಸಿಯಂಥ ಪ್ರಾಣಿಯನ್ನು 2050ರೊಳಗೆ ಪೂರ್ತಿ ತೆಗೆಯುತ್ತೇವೆ ಅಂತ 2016ರಲ್ಲಿ ಪಣ ತೊಟ್ಟಿದ್ದಾರೆ. ಬೇಲಿಗೆ ಇರಲಿ ಅಂತ ಬ್ರಿಟನ್ನಿನಿಂದ ತಂದ ಗೋರ್ಸ್ ಅನ್ನುವ ಹಳದಿ ಹೂವಿನ ಮುಳ್ಳುಗಿಡ ಇಲ್ಲಿನ ಗುಡ್ಡ ಗುಡ್ಡವನ್ನೇ ತಿಂದಿದೆ. ಅದನ್ನು ನೋಡಿದಾಗ ಅಪ್ಪ, “ಇದು ಇವರ ಬಳ್ಳಾರಿ ಜಾಲಿ ಏನು?” ಅಂದ. ಹೌದು ಅಂದೆ. ಜಾಲಿಯದ್ದಾದರೂ ಕಟ್ಟಿಗೆ ಉಪಯೋಗಕ್ಕೆ ಬರುತ್ತದೆ ಅಂತ ಅವ್ವ ಸೇರಿಸಿದಳು. ನಾನು ಉಂಡು ಬೆಳೆದ ರೊಟ್ಟಿ ಅದರ ಉರಿಯಲ್ಲೇ ಸುಟ್ಟಿದ್ದು, ಅದಕ್ಕೆ ಸುಮ್ಮನಾದೆ.

ತಮ್ಮ ಇನ್ನೂ ಒಂದು ಹೇಳಿದ. ಕಾಂಗ್ರೆಸ್ ಕಸ ತಿನ್ನಲು ಮೆಕ್ಸಿಕೋ ಕಡೆಯ ಜೀರುಂಡೆಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಅದು ಮಳೆಗಾಲದಲ್ಲಿ ನಮ್ಮ ಹೊಲದ ದಾರಿಯಲ್ಲೂ ಸಿಗುತ್ತದೆ, ಎಲೆ ಜಾಳಿಗೆಯ ಹಾಗೆ ಮಾಡಿರುತ್ತದೆ. ಕಸ ಹೋಗಿಲ್ಲ, ಕಡಿಮೆಯಾಗಿದೆ. ಗಿಡ ಒಣಗಿಸುವ ನೆಟೆ ರೋಗ ತಾಳುವ ಟಿಎಸ್-3ಆರ್ ಅನ್ನುವ ತೊಗರಿ ತಳಿ ಕೊಟ್ಟಿದ್ದೂ ಕಲಬುರಗಿಯ ಕೃಷಿ ಸಂಶೋಧನಾ ಕೇಂದ್ರವೇ. ಅಪ್ಪನ ಹೊಲದಲ್ಲಿ ಈ ವರ್ಷ ನಿಂತಿರುವುದು ಅದೇ ತೊಗರಿ. ಸರಿ, ಒಪ್ಪಿದೆ. ಕಾಕಾನ ಫೋನ್ ಎತ್ತುವುದಕ್ಕೆ ಮಾತ್ರ ಸುತ್ತ ಸಮುದ್ರ ಬೇಕಾಗಿಲ್ಲ, ಅದನ್ನು ಒಪ್ಪು ಅಂದೆ. ಒಪ್ಪಿದ.

ಇಷ್ಟೆಲ್ಲ ಆದ ಮೇಲೆ, “ಬರುವಾಗ ಅಲ್ಲಿನ ಕಿವಿ ಹಣ್ಣಿಂದು ಒಂದು ಸಸಿ ಬ್ಯಾಗಿನ್ಯಾಗ ಹಾಕ್ಕೊಂಡು ಬಾ ಅಣ್ಣಾ, ಇಲ್ಲಿ ಯಾರೂ ಕೇಳಂಗಿಲ್ಲ” ಅನ್ನುತ್ತಾನೆ. ಹಾಗೆಲ್ಲ ತರಲು ಬರುವುದಿಲ್ಲ, ಅದಕ್ಕೆ ಪರವಾನಗಿ ಬೇಕು, ಇಲ್ಲ ಅಂದೆ. ಈಗ ಸಿಟ್ಟಾಗಿದ್ದಾನೆ.