ಕಾರವಾರದ ಎಂಜಿನ್, ಕೃಷ್ಣೆಯ ಹಿನ್ನೀರು

ನಮ್ಮ ಬಾಗಲಕೋಟೆ ಕಡೆ ದೋಣಿ ಇಟ್ಟವರಿಗೆಲ್ಲ ಒಂದು ಗಟ್ಟಿ ನಂಬಿಕೆ. ತುಕ್ಕು ಅನ್ನೋದು ಸಮುದ್ರದವರ ತಲೆನೋವು, ನಮಗೂ ಅದಕ್ಕೂ ಸಂಬಂಧ ಇಲ್ಲ ಅಂತ. "ಸಿಹಿ ನೀರಾಗ ಎಲ್ಲಿ ತುಕ್ಕ ಹಿಡಿತೈತ್ರಿ ಅಣ್ಣಾರ?" ಅಂತ ಕೇಳುತ್ತಾರೆ. ಕೇಳುವಾಗ ಅವರದೇ ಎಂಜಿನ್ ನನ್ನ ಮುಂದೆ ಬಿಚ್ಚಿ ಬಿದ್ದಿರುತ್ತದೆ. ಒಂದೆರಡು ಬೋಲ್ಟು ಅರ್ಧಕ್ಕೆ ಮುರಿದಿರುತ್ತವೆ. ನೀರು ಹರಿಯುವ ದಾರಿಯಲ್ಲೆಲ್ಲ ಬಿಳಿ ಪುಡಿ ಗಟ್ಟಿಯಾಗಿ ಕೂತಿರುತ್ತದೆ.

ಸಮುದ್ರ ನಮ್ಮಿಂದ ಇನ್ನೂರು ಕಿಲೋಮೀಟರ್‌ಗೂ ಜಾಸ್ತಿ ದೂರ, ಒಪ್ಪಿದೆ. ಆದರೆ ಉಪ್ಪು ಬರೋಕೆ ಸಮುದ್ರವೇ ಬರಬೇಕಾಗಿಲ್ಲ. ಅದು ಸೆಕೆಂಡ್ ಹ್ಯಾಂಡ್ ಎಂಜಿನ್ ಜೊತೆ ಲಾರಿ ಹತ್ತಿ ಬರುತ್ತದೆ. ಗೊಬ್ಬರದ ಚೀಲದಲ್ಲಿ ಬರುತ್ತದೆ. ನಾವು ದೋಣಿ ತೊಳೆಯುವ ಬೋರ್‌ವೆಲ್ ನೀರಿನಲ್ಲೂ ಬರುತ್ತದೆ. ಕರಾವಳಿಯವರು ಉಪ್ಪಿಗೆ ಹೆದರಿ ದಿನಾ ತೊಳೆಯುತ್ತಾರೆ. ನಾವು ಅವರ ಎಂಜಿನ್ ತಂದೆವು, ಆ ತೊಳೆಯುವ ರೂಢಿಯನ್ನು ಅಲ್ಲೇ ಬಿಟ್ಟು ಬಂದೆವು. ನನ್ನ ತಕರಾರು ಇಷ್ಟೇ.

ಆಲಮಟ್ಟಿ ಜಲಾಶಯ ಪೂರ್ತಿ, ಅಂದರೆ ಸಮುದ್ರ ಮಟ್ಟದಿಂದ 519.6 ಮೀಟರ್‌ಗೆ ತುಂಬಿದಾಗ ನಮ್ಮ ಹಳೇ ಊರಿನ ಅಂಚಿಗೂ ನೀರು ನಿಲ್ಲುತ್ತದೆ. ಜಮಖಂಡಿ ಕಡೆ ನಡುಗಡ್ಡೆಯ ಹೊಲಕ್ಕೆ ಹೋಗೋರಿಗೆ ಮಳೆಗಾಲದಲ್ಲಿ ದೋಣಿ ಬಿಟ್ಟರೆ ಗತಿ ಇಲ್ಲ. ಮೊದಲು ಹುಟ್ಟು ಹಾಕುತ್ತಿದ್ದರು, ತೆಪ್ಪ ತಿರುಗಿಸುತ್ತಿದ್ದರು. ಈಗ ಎಲ್ಲರಿಗೂ ದೋಣಿಯ ಹಿಂಬದಿಗೆ ಸಿಕ್ಕಿಸುವ ಔಟ್‌ಬೋರ್ಡ್ ಎಂಜಿನ್ ಬೇಕು. ಹೊಸದರ ರೇಟು ಕೇಳಿದರೆ ಎದೆ ಧಸಕ್ ಅನ್ನುತ್ತದೆ. ಹಾಗಾಗಿ ಕಾರವಾರ, ಮಲ್ಪೆ, ಗೋವಾ ಕಡೆ ವರ್ಷಗಟ್ಟಲೆ ದುಡಿದು ಸುಸ್ತಾದ ಎಂಜಿನ್‌ಗಳು ಘಟ್ಟ ಹತ್ತಿ ಇಲ್ಲಿಗೆ ಬರುತ್ತವೆ. ಬಂದ ದಿನ ಪೂಜೆ ಮಾಡಿ, ತೆಂಗಿನಕಾಯಿ ಒಡೆದು, ಸೀದಾ ನೀರಿಗೆ ಇಳಿಸುತ್ತಾರೆ.

ಅದರ ಹೊಟ್ಟೆಯಲ್ಲಿ ಏನಿದೆ ಅಂತ ಯಾರೂ ನೋಡಲ್ಲ. ಔಟ್‌ಬೋರ್ಡ್ ಎಂಜಿನ್‌ಗೆ ರೇಡಿಯೇಟರ್ ಇಲ್ಲ. ತಾನು ತೇಲುವ ನೀರನ್ನೇ ಕೆಳಗಿನಿಂದ ಎಳೆದುಕೊಂಡು, ಸಿಲಿಂಡರ್ ಸುತ್ತ ಓಡಿಸಿ, ಹೊರಗೆ ಬಿಟ್ಟು ತಣ್ಣಗಾಗುತ್ತದೆ. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ಎಂಜಿನ್ ನಿಲ್ಲಿಸಿದ ಮೇಲೆ ಒಳಗೆ ಉಳಿದ ನೀರು ಆ ಕಾವಿಗೆ ಆರಿಹೋಗುತ್ತದೆ, ಉಪ್ಪು ಅಲ್ಲೇ ಕೂರುತ್ತದೆ. ಅಲ್ಯೂಮಿನಿಯಂ ಮೇಲೆ ತಾನಾಗಿಯೇ ಒಂದು ತೆಳು ಪೊರೆ ಕಟ್ಟಿರುತ್ತದೆ, ಅದನ್ನು ಕಾಯೋದು ಆ ಪೊರೆಯೇ. ಉಪ್ಪಿನಲ್ಲಿರುವ ಕ್ಲೋರೈಡ್ ಆ ಪೊರೆಯನ್ನು ಅಲ್ಲಲ್ಲಿ ಚುಚ್ಚುತ್ತದೆ. ಚುಚ್ಚಿದ ಕಡೆ ಸಣ್ಣ ಗುಂಡಿ ಬೀಳುತ್ತದೆ. ಗುಂಡಿಯೊಳಗೆ ಹುಳಿ, ಅಂದರೆ ಆಮ್ಲ, ಜಾಸ್ತಿಯಾಗಿ ಇನ್ನೂ ಆಳಕ್ಕೆ ಕೊರೆಯುತ್ತದೆ. ಮೇಲಿನಿಂದ ನೋಡಿದರೆ ಸಾಸಿವೆ ಕಾಳಿನಷ್ಟು ತೂತು, ಒಳಗೆ ಪೂರ್ತಿ ಟೊಳ್ಳು.

ಇದರಲ್ಲಿ ಇನ್ನೊಂದು ಮೋಸ ಇದೆ. ಒಣಗಿದ ಉಪ್ಪು ಸುಮ್ನೆ ಕೂತಿರುತ್ತದೆ. ಗಾಳಿಯ ತೇವಾಂಶ ಶೇಕಡಾ 75 ದಾಟಿತು ಅಂದರೆ ಅದು ತಾನೇ ನೀರು ಹೀರಿಕೊಂಡು ಒದ್ದೆಯಾಗುತ್ತದೆ. ಏಪ್ರಿಲ್‌ನಲ್ಲಿ ನಮ್ಮ ಬಿಸಿಲಿಗೆ ಎಂಜಿನ್ ತಂದವನು "ಚಲೋ ಐತಿ, ಒಂದ ಚುಕ್ಕಿ ತುಕ್ಕಿಲ್ಲ" ಅಂತಾನೆ. ಆಗಸ್ಟ್‌ಗೆ ಫೋನ್ ಮಾಡುತ್ತಾನೆ.

ಹಾಗಾದರೆ ಏನು ಮಾಡಬೇಕು? ತೊಳೆಯಬೇಕು, ಆದರೆ ಒಳಗಿನಿಂದ. ಇನ್ನೂರು ಲೀಟರಿನ ಪ್ಲಾಸ್ಟಿಕ್ ಡ್ರಮ್ ತಗೊಳ್ಳಿ. ಫ್ಯಾನ್, ಅಂದರೆ ನೀರೊಳಗೆ ತಿರುಗಿ ದೋಣಿ ತಳ್ಳುವ ರೆಕ್ಕೆ, ಬಿಚ್ಚಿಡಿ, ಕೈ ಕಾಲು ಮುಖ್ಯ. ಎಂಜಿನ್ನಿನ ಕೆಳಭಾಗ ಮುಳುಗಿ, ನೀರು ಎಳೆಯುವ ಜಾಲರಿಯ ಮೇಲೆ ಒಂದು ಗೇಣು ನೀರು ನಿಲ್ಲಬೇಕು. ನ್ಯೂಟ್ರಲ್‌ನಲ್ಲಿ ನಿಧಾನಕ್ಕೆ ಹತ್ತು ಹದಿನೈದು ನಿಮಿಷ ಓಡಿಸಿ. ಎಂಜಿನ್ ಬಿಸಿಯಾಗೋ ತನಕ ಕಾಯಲೇಬೇಕು. ಬಿಸಿಗೆ ತೆರೆದುಕೊಳ್ಳೋ ಥರ್ಮೋಸ್ಟಾಟ್ ಅನ್ನೋ ಕವಾಟ ತೆರೆದ ಮೇಲೆಯೇ ಒಳಗೆಲ್ಲ ಸರಿಯಾಗಿ ನೀರು ಓಡೋದು. ಎರಡು ನಿಮಿಷ ಡುರ್ ಅನ್ನಿಸಿ ನಿಲ್ಲಿಸಿದರೆ ಅದು ತೊಳೆದ ಲೆಕ್ಕ ಅಲ್ಲ. ಬಯಲಲ್ಲೇ ಮಾಡಿ, ಮುಚ್ಚಿದ ಶೆಡ್ಡಲ್ಲಿ ಹೊಗೆ ಕುಡಿದು ಬೀಳಬೇಡಿ. ನೀರಿಲ್ಲದೆ ಒಂದು ನಿಮಿಷವೂ ಓಡಿಸಬೇಡಿ, ಪಂಪಿನ ರಬ್ಬರ್ ರೆಕ್ಕೆ ಸುಟ್ಟು ಹೋಗುತ್ತದೆ.

ಉಪ್ಪು ಹೋಯ್ತೋ ಇಲ್ವೋ ಅಂತ ತಿಳಿಯೋದು ಹೇಗೆ? ಆರ್‌ಓ ಫಿಲ್ಟರ್ ರಿಪೇರಿಗೆ ಬರೋ ಹುಡುಗರ ಕೈಯಲ್ಲಿ ನೀರಲ್ಲಿ ಕರಗಿದ ಉಪ್ಪು, ಲವಣ ಎಷ್ಟಿದೆ ಅಂತ ತೋರಿಸೋ, ಪೆನ್ನಿನ ಥರ ಒಂದು ಟಿಡಿಎಸ್ ಮೀಟರ್ ಇರುತ್ತದಲ್ಲ, ಅದನ್ನೇ ತಗೊಳ್ಳಿ. ಡ್ರಮ್ಮಿಗೆ ಹೊಸ ನೀರು ಹಾಕಿದಾಗ ಒಮ್ಮೆ ಅದ್ದಿ ನೋಡಿ, ಎಂಜಿನ್ ಓಡಿಸಿದ ಮೇಲೆ ಇನ್ನೊಮ್ಮೆ. ಅಂಕಿ ಏರಿದರೆ ಒಳಗಿಂದ ಉಪ್ಪು ಕರಗಿ ಬಂದಿದೆ ಅಂತ. ನೀರು ಚೆಲ್ಲಿ ಮತ್ತೆ ತುಂಬಿಸಿ. ಅಂಕಿ ಏರೋದು ನಿಂತ ಮೇಲೆ ನೀವೂ ನಿಲ್ಲಿಸಿ. ಹಳೇ ಎಂಜಿನ್ ಮೊದಲ ಡ್ರಮ್ಮಿಗೆ ತೋರಿಸುವ ಅಂಕಿ ನೋಡಿದರೆ ಮಾಲೀಕನ ಮುಖ ನೋಡೋ ಹಾಗಿರುತ್ತದೆ. ಇದಕ್ಕೆ ವಿನೆಗರ್ ಬೇಕು, ಕೆಮಿಕಲ್ ಬೇಕು ಅಂತ ಯೂಟ್ಯೂಬಿನಲ್ಲಿ ಹೇಳುತ್ತಾರೆ. ಉಪ್ಪು ಕರಗೋಕೆ ಬರೀ ನೀರು ಸಾಕು. ಹುಳಿ ಬೇಕಾಗೋದು ಸುಣ್ಣ ಕಟ್ಟಿದ್ದರೆ ಮಾತ್ರ. ಅದನ್ನೂ ಅಲ್ಯೂಮಿನಿಯಂ ಮೇಲೆ ಜಾಸ್ತಿ ಹೊತ್ತು ಬಿಡಬಾರದು.

ಈಗ ಎಲ್ಲರೂ ಎಡವುವ ಜಾಗಕ್ಕೆ ಬರೋಣ. ಎಂಜಿನ್ನಿನ ಕೆಳಗೆ, ಫ್ಯಾನ್ ಹತ್ತಿರ, ಬೂದಿ ಬಣ್ಣದ ಒಂದು ಲೋಹದ ತುಂಡು ಬೋಲ್ಟ್ ಹಾಕಿ ಕೂರಿಸಿರುತ್ತಾರೆ. ಕರಾವಳಿಯಲ್ಲಿ ಅದನ್ನು ಜಿಂಕ್ ಅಂತಲೇ ಕರೆಯೋದು, ಪುಸ್ತಕದಲ್ಲಿ ಆನೋಡ್. ಬೇರೆ ಬೇರೆ ಲೋಹಗಳು ಒಂದಕ್ಕೊಂದು ತಾಗಿಕೊಂಡು ನೀರಲ್ಲಿ ನಿಂತರೆ ಅದೇ ಒಂದು ಬ್ಯಾಟರಿ ಆಗುತ್ತದೆ. ಅದರಲ್ಲಿ ದುರ್ಬಲ ಲೋಹ ಸವೆಯುತ್ತದೆ, ಗಟ್ಟಿ ಲೋಹ ಉಳಿಯುತ್ತದೆ. ಹಾಗಾಗಿ ಬೇಕಂತಲೇ ಇನ್ನೂ ದುರ್ಬಲವಾದ ಒಂದನ್ನು ಕಟ್ಟಿ, ಮೊದಲು ಇದನ್ನು ತಿನ್ನು ಅಂತ ಬಿಡೋದು. ನಿಮ್ಮ ಮನೆ ಗೀಸರ್ ಒಳಗೂ ಇಂಥದ್ದೇ ಒಂದು ಮೆಗ್ನೀಸಿಯಂ ಕಡ್ಡಿ ಇರುತ್ತದೆ.

ಸಮುದ್ರಕ್ಕೆ ಜಿಂಕ್ ಸರಿ. ಸಿಹಿ ನೀರಿನಲ್ಲಿ ಅದು ಕೆಲಸ ಮಾಡಲ್ಲ. ಮೇಲೆ ಗಟ್ಟಿ ಬಿಳಿ ಪದರ ಕಟ್ಟಿಕೊಂಡು ಸುಮ್ಮನಾಗಿಬಿಡುತ್ತದೆ. ಆಗ ಸವೆಯೋದು ನಿಮ್ಮ ಗೇರ್ ಹೌಸಿಂಗ್, ಅಂದರೆ ಫ್ಯಾನ್ ತಿರುಗಿಸೋ ಗೇರಿನ ಅಲ್ಯೂಮಿನಿಯಂ ಗೂಡು. ಹಿನ್ನೀರಿಗೆ ಮೆಗ್ನೀಸಿಯಂ ಬೇಕು, ಇಲ್ಲವೇ ಆನೋಡ್‌ಗೆ ಅಂತಲೇ ಮಾಡಿದ ಅಲ್ಯೂಮಿನಿಯಂ ಮಿಶ್ರಲೋಹ. ಅಲ್ಯೂಮಿನಿಯಂದು ಎರಡೂ ಕಡೆ ನಡೆಯುತ್ತದೆ. ಮೆಗ್ನೀಸಿಯಂ ಹಾಕಿದ ಎಂಜಿನ್ನನ್ನು ವಾಪಸ್ ಸಮುದ್ರಕ್ಕೆ ಒಯ್ದರೆ ಅದು ನೋಡನೋಡುತ್ತಲೇ ಕರಗಿ ಹೋಗುತ್ತದೆ, ಅದೂ ನೆನಪಿರಲಿ. ಅರ್ಧ ಸವೆದ ಆನೋಡ್ ಬದಲಾಯಿಸಿ. ಸವೆಯದೇ ಹೊಸದರ ಥರ ಇದ್ದರೆ ಖುಷಿ ಪಡಬೇಡಿ, ಅದು ಕೆಲಸವನ್ನೇ ಮಾಡುತ್ತಿಲ್ಲ. ಬಿಚ್ಚಿ, ತಾಗುವ ಜಾಗವನ್ನು ಪಾಲಿಶ್ ಪೇಪರಿನಿಂದ ಉಜ್ಜಿ, ಲೋಹಕ್ಕೆ ಲೋಹ ತಾಗುವ ಹಾಗೆ ಕೂರಿಸಿ.

ಮೊನ್ನೆ ಒಬ್ಬರ ಎಂಜಿನ್ ಬಂತು. ನೋಡೋಕೆ ಮದುಮಗನ ಹಾಗಿತ್ತು. ಕೊಟ್ಟವರು ಮೇಲಿಂದ ಕೆಳಗಿನ ತನಕ ಬೆಳ್ಳಿ ಬಣ್ಣ ಹೊಡೆಸಿದ್ದರು, ಆನೋಡ್ ಸಮೇತ! ಬಣ್ಣ ಹೊಡೆದ ಆನೋಡ್ ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ. ಚಾಕುವಿನ ತುದಿಯಿಂದ ಗೇರ್ ಹೌಸಿಂಗಿನ ಬಣ್ಣ ಕೆರೆದೆ. ಹಪ್ಪಳದಂಗೆ ಎದ್ದು ಬಂತು, ಕೆಳಗೆ ಒದ್ದೆ ಬಿಳಿ ಹಿಟ್ಟು. ಆ ಬಣ್ಣಕ್ಕೂ ಇವರ ಹತ್ತಿರ ದುಡ್ಡು ಕಿತ್ತಿದ್ದರು.

ಲೋಹಕ್ಕೆ ಲೋಹ ತಾಗಿ ಹಾಳಾಗೋದು ಹೊಸ ವಿಷಯ ಏನಲ್ಲ. 1761ರಲ್ಲಿ ಬ್ರಿಟಿಷರು ಅಲಾರ್ಮ್ ಅನ್ನೋ ಯುದ್ಧನೌಕೆಯ ತಳಕ್ಕೆ ತಾಮ್ರದ ತಗಡು ಹೊಡೆಸಿದರು. ಎರಡು ವರ್ಷದ ಮೇಲೆ ನೋಡಿದರೆ ಕಬ್ಬಿಣದ ಮೊಳೆಗಳು ಸವೆದು ಹೋಗಿದ್ದವು. ಕೆಲವು ಮಾತ್ರ ಚೆನ್ನಾಗಿದ್ದವು. ಯಾಕೆ ಅಂತ ನೋಡಿದರೆ, ತಗಡು ಸುತ್ತಿ ತಂದಿದ್ದ ಕಂದು ಕಾಗದ ಅಲ್ಲಿ ಹರಿಯದೆ ಉಳಿದು ಕಬ್ಬಿಣಕ್ಕೂ ತಾಮ್ರಕ್ಕೂ ನಡುವೆ ಅಡ್ಡ ನಿಂತಿತ್ತು. ನಮ್ಮವರು ಅಲ್ಯೂಮಿನಿಯಂ ದೋಣಿಗೆ ಸ್ಟೀಲ್ ಬೋಲ್ಟನ್ನು ಹಾಗೇ ಬಿಗಿಯುತ್ತಾರೆ. ನಡುವೆ ಒಂದು ನೈಲಾನ್ ವಾಷರ್ ಹಾಕಿ, ಥ್ರೆಡ್ಡಿಗೆ ಗ್ರೀಸ್ ಹಚ್ಚಿ. ವಾಷರ್ ಸಿಗದಿದ್ದರೆ ಬೆಳಗಾವಿಯ ಉದ್ಯಮಬಾಗದಲ್ಲಿ ಯಾವ ಅಳತೆ ಹೇಳಿದರೂ ತಿರುಗಿಸಿ ಕೊಡುತ್ತಾರೆ. ಬೋಲ್ಟನ್ನು ಕೊಳ್ಳುವಾಗ ಬರೀ ಎಸ್‌ಎಸ್, ಅಂದರೆ ಸ್ಟೇನ್‌ಲೆಸ್ ಸ್ಟೀಲ್, ಅಂತ ಕೇಳಬೇಡಿ, ಅದರ ದರ್ಜೆಯ ನಂಬರ್ ಹೇಳಿ. 304 ನಮ್ಮ ಹಿನ್ನೀರಿಗೆ ಸಾಕು. ದೋಣಿ ಕರಾವಳಿಗೂ ಹೋಗೋದಿದ್ದರೆ 316 ಕೇಳಿ. ಅದರಲ್ಲಿ ಮಾಲಿಬ್ಡಿನಂ ಇರುತ್ತದೆ, ಉಪ್ಪಿಗೆ ಹೆಚ್ಚು ತಡೆಯುತ್ತದೆ.

ಕರಾವಳಿಯಿಂದ ದೋಣಿಯನ್ನೇ ತರೋರು ಇನ್ನೊಂದು ನೋಡಬೇಕು. ತಳಕ್ಕೆ ಚಿಪ್ಪುಹುಳ ಅಂಟದ ಹಾಗೆ ತಾಮ್ರ ಬೆರೆಸಿದ ಬಣ್ಣ ಹೊಡೆದಿರಬಹುದು. ಅಲ್ಯೂಮಿನಿಯಂ ದೋಣಿಯಾದರೆ ಆ ಬಣ್ಣ ವಿಷ. ಕೃಷ್ಣೆಯಲ್ಲಿ ಆ ಚಿಪ್ಪುಹುಳ ಇಲ್ಲ, ಆ ಬಣ್ಣ ನಮಗೆ ಬೇಕಾಗಿಯೂ ಇಲ್ಲ.

ಇನ್ನು ಗೊಬ್ಬರ. ಇದನ್ನು ಹೇಳಿದರೆ ಜನ ನಗುತ್ತಾರೆ. ನಡುಗಡ್ಡೆಗೆ ಹೋಗೋ ದೋಣಿಯಲ್ಲಿ ಜನ ಮಾತ್ರ ಹೋಗಲ್ಲ. ಕಬ್ಬಿಗೆ ಹಾಕೋ ಯೂರಿಯಾ, ಡಿಎಪಿ, ಪೊಟ್ಯಾಶ್ ಎಲ್ಲ ಹೋಗುತ್ತದೆ. ಕೆಂಪು ಪೊಟ್ಯಾಶ್ ಅಂದರೆ ಪೊಟ್ಯಾಸಿಯಂ ಕ್ಲೋರೈಡ್. ಅಡುಗೆ ಉಪ್ಪು ಸೋಡಿಯಂ ಕ್ಲೋರೈಡ್. ಕಬ್ಬಿಣ, ಅಲ್ಯೂಮಿನಿಯಂ ತಿನ್ನೋದು ಕ್ಲೋರೈಡ್, ಅದು ಇಬ್ಬರಲ್ಲೂ ಇದೆ. ಹರಿದ ಚೀಲದಿಂದ ಎರಡು ಹಿಡಿ ಪೊಟ್ಯಾಶ್ ದೋಣಿಯ ತಳಕ್ಕೆ ಬಿತ್ತು, ಅಲ್ಲಿ ಹೇಗೂ ನೀರು ನಿಂತಿರುತ್ತದೆ. ನಿಮ್ಮ ದೋಣಿಯೊಳಗೇ ಒಂದು ಪುಟ್ಟ ಅರಬ್ಬೀ ಸಮುದ್ರ ತಯಾರಾಯ್ತು, ಅಷ್ಟೇ.

ಯೂರಿಯಾ ಇನ್ನೊಂದು ಥರ. ಒದ್ದೆಯಾಗಿ ಕೊಳೆತರೆ ಅಮೋನಿಯಾ ಬಿಡುತ್ತದೆ. ಅಮೋನಿಯಾ ಅಂದರೆ ಹಿತ್ತಾಳೆಗೆ ಆಗಲ್ಲ. ಬ್ರಿಟಿಷರ ಕಾಲದಲ್ಲಿ ಭಾರತದ ಸೈನ್ಯದವರು ಹಿತ್ತಾಳೆ ತೋಟಾಗಳನ್ನು ಮಳೆಗಾಲದಲ್ಲಿ ಕುದುರೆ ಲಾಯದಲ್ಲಿ ಇಡುತ್ತಿದ್ದರು. ತೆಗೆದು ನೋಡಿದರೆ ಅವು ಸೀಳು ಬಿಟ್ಟಿರುತ್ತಿದ್ದವು. ಕುದುರೆ ಮೂತ್ರದ ಅಮೋನಿಯಾ ಇದಕ್ಕೆ ಕಾರಣ ಅಂತ ತಿಳಿದದ್ದು 1921ರಲ್ಲಿ. ನಿಮ್ಮ ಪೆಟ್ರೋಲ್ ಪೈಪಿನ ಹಿತ್ತಾಳೆ ನಿಪ್ಪಲ್ ಪಕ್ಕದಲ್ಲೇ ಯೂರಿಯಾ ಚೀಲ ಒರಗಿಸಿ ಇಡುವಾಗ ಇದು ತಲೆಯಲ್ಲಿರಲಿ. ಚೀಲದ ಕೆಳಗೆ ಒಂದು ತಾಡಪತ್ರಿ ಹಾಸಿ. ಇಳಿಸಿದ ಮೇಲೆ ಎರಡು ಬಕೆಟ್ ಹೊಳೆ ನೀರು ಹೊಡೆಯಿರಿ. ಇದಕ್ಕೆ ಏನು ಖರ್ಚಿದೆ ಹೇಳಿ?

ಹೊಳೆ ನೀರು ಅಂತ ಬೇಕಂತಲೇ ಹೇಳಿದೆ. ದೋಣಿಯನ್ನು ಮನೆಗೆ ತಂದು ಬೋರ್‌ವೆಲ್ ನೀರಲ್ಲಿ ತೊಳೆಯೋರಿದ್ದಾರೆ. ವಿಜಯಪುರ, ಬಾಗಲಕೋಟೆಯ ಎಷ್ಟೋ ಬೋರುಗಳ ನೀರು ಸವಳು. ಬಟ್ಟೆ ಒಗೆದರೆ ನೊರೆ ಬರಲ್ಲ, ಬಕೆಟ್ ಮೇಲೆ ಬಿಳಿ ಗೆರೆ ಬೀಳುತ್ತದೆ. ಬೇರೆ ನೀರು ಇಲ್ಲದಿದ್ದರೆ ಕುಡಿಯೋಕೆ 2000 ಟಿಡಿಎಸ್ ತನಕ ಪರವಾಗಿಲ್ಲ ಅನ್ನುತ್ತದೆ ನಮ್ಮ ದೇಶದ ಮಾನದಂಡ. ಸಮುದ್ರದ ನೀರಿಗೆ ಹೋಲಿಸಿದರೆ ಅದು ಎಷ್ಟೋ ವಾಸಿ, ಮೊದಲ ತೊಳೆತಕ್ಕೆ ನಡೆಯುತ್ತದೆ. ಆದರೆ ಕೊನೆಯ ನೀರು ಸವಳು ಆಗಬಾರದು, ಆರಿದ ಮೇಲೆ ಅದೂ ಉಪ್ಪನ್ನೇ ಬಿಟ್ಟು ಹೋಗುತ್ತದೆ. ಮೀನಿನ ಗಾಳದ ರೀಲು, ಲೈಫ್ ಜಾಕೆಟ್ ಜಿಪ್ಪು, ವೈರಿನ ಕನೆಕ್ಟರ್ ಇಂಥ ಸಣ್ಣ ಸಾಮಾನಿಗೆ ಊರಿನ ಶುದ್ಧ ಕುಡಿಯುವ ನೀರಿನ ಘಟಕದ ಒಂದು ಕ್ಯಾನ್ ಸಾಕು. ಹಗ್ಗವನ್ನೂ ನೆನೆಹಾಕಿ ತೊಳೆಯಿರಿ. ಹಗ್ಗದ ಎಳೆಯಲ್ಲಿ ಉಪ್ಪು ಅಡಗಿ ಕೂರುತ್ತದೆ, ಅದನ್ನು ಕಟ್ಟಿದ ಕಡೆಯೆಲ್ಲ ಕಬ್ಬಿಣ ಕೆಂಪಾಗುತ್ತದೆ.

ವೈರಿನ ಬಗ್ಗೆ ಒಂದೇ ಮಾತು. ಮನೆಗೆ ಹಾಕೋ ವೈರಲ್ಲಿ ಬರೀ ತಾಮ್ರ. ದೋಣಿಗೆ ತವರ ಲೇಪಿಸಿದ ತಾಮ್ರ ಹಾಕಿಸಿ. ಬ್ಯಾಟರಿ ಟರ್ಮಿನಲ್‌ಗೆ ಬಿಗಿದ ಮೇಲೆ ವ್ಯಾಸಲಿನ್ ಹಚ್ಚಿ.

ಎಣ್ಣೆ ವಿಷಯಕ್ಕೆ ನನಗೆ ನಿಜವಾಗಲೂ ಸಿಟ್ಟು ಬರುತ್ತದೆ. ತುಕ್ಕು ಹಿಡಿಯಬಾರದು ಅಂತ ಟ್ರ್ಯಾಕ್ಟರಿನಿಂದ ತೆಗೆದ ಸುಟ್ಟ ಎಂಜಿನ್ ಆಯಿಲ್ ತಂದು ದೋಣಿಗೆಲ್ಲ ಬಳಿಯುತ್ತಾರೆ. ಅದರಲ್ಲಿ ಹುಳಿ ಇದೆ, ಲೋಹದ ಚೂರಿದೆ, ಮಸಿ ಇದೆ. ಕಬ್ಬಿಣ ಕಾಯೋದಕ್ಕಿಂತ ನೀರು ಕೆಡಿಸೋದೇ ಜಾಸ್ತಿ. ಅದೇ ನೀರು ಪೈಪಿನಲ್ಲಿ ನಮ್ಮ ಮನೆ ನಲ್ಲಿಗೆ ಬರುತ್ತದೆ. ಹಿನ್ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣ ತೇಲೋದನ್ನು ನೋಡಿ ಚೆಂದ ಐತಿ ಅಂತ ಫೋಟೋ ಹಾಕೋರನ್ನೂ ನೋಡಿದ್ದೇನೆ. ಡಬ್ಲ್ಯೂಡಿ-40 ಸ್ಪ್ರೇ ಹೊಡೆದರೆ ಆಯ್ತು ಅನ್ನೋರು ಇನ್ನೊಂದು ಪಂಗಡ. ಅದು ತೇವ ಓಡಿಸೋಕೆ, ಹಿಡಿದ ಬೋಲ್ಟ್ ಸಡಿಲಿಸೋಕೆ ಒಳ್ಳೆಯದು. ಪದರ ತೆಳು, ಹೆಚ್ಚು ದಿನ ನಿಲ್ಲಲ್ಲ. ತಿರುಗುವ ಜಾಗಕ್ಕೆ ನೀರಿಗೆ ತೊಳೆದು ಹೋಗದ ಮರೀನ್ ಗ್ರೀಸ್ ಬೇಕು. ಅದೂ ಉಪ್ಪು ತೊಳೆದು ಒಣಗಿಸಿದ ಮೇಲೆ. ಉಪ್ಪಿನ ಮೇಲೆ ಗ್ರೀಸ್ ಹಚ್ಚಿದರೆ ಕಳ್ಳನನ್ನು ಒಳಗೆ ಬಿಟ್ಟು ಬಾಗಿಲು ಹಾಕಿದ ಹಾಗೆ.

2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಉಕ್ಕಿದಾಗ ದೋಣಿ ಎಷ್ಟು ದೊಡ್ಡ ವಸ್ತು ಅಂತ ನಮ್ಮ ಕಡೆಯ ಜಿಲ್ಲೆಗಳಿಗೆಲ್ಲ ಗೊತ್ತಾಯ್ತು. ಆಗ ಜನರನ್ನು ದಾಟಿಸಿದ ಸರ್ಕಾರಿ ದೋಣಿಗಳ ಎಂಜಿನ್ನನ್ನು ಪ್ರವಾಹ ಇಳಿದ ಮೇಲೆ ರಾಡಿ ಸಮೇತ ಶೆಡ್ಡಿಗೆ ತಳ್ಳಿ ಬೀಗ ಹಾಕಿದ್ದನ್ನು ಕಣ್ಣಾರೆ ನೋಡಿದ್ದೇನೆ. ಎಲ್ಲಿ ಅಂತ ಹೇಳಲ್ಲ. ಮೇ ತಿಂಗಳಲ್ಲಿ ಒಮ್ಮೆ ಹೊರಗೆ ತೆಗೆದು ಡ್ರಮ್ಮಿನಲ್ಲಿ ಅರ್ಧ ಗಂಟೆ ಓಡಿಸಿ ನೋಡೋಕೆ ಯಾವ ಟೆಂಡರೂ ಬೇಕಾಗಿಲ್ಲ ಅಲ್ವಾ?

ಕೊಳ್ಳೋಕೆ ಹೊರಟವರಿಗೆ: ರೇಟು ಮಾತಾಡೋ ಮೊದಲು ಮೇಲಿನ ಮುಚ್ಚಳ ತೆಗೆಸಿ. ಬೋಲ್ಟಿನ ಬುಡದಲ್ಲಿ ಬಿಳಿ ಪುಡಿ, ಬಣ್ಣದಲ್ಲಿ ಗುಳ್ಳೆ ಕಂಡರೆ ಎಚ್ಚರ. ಸ್ಟಾರ್ಟ್ ಮಾಡಿಸಿ. ಪಕ್ಕದಿಂದ ಬರೋ ನೀರಿನ ಧಾರೆ ಜೋರಾಗಿ ಬರಬೇಕು. ಹನಿಹನಿಯಾಗಿ ಬಂದರೆ ಒಳಗೆ ದಾರಿ ಕಟ್ಟಿದೆ ಅಥವಾ ಪಂಪ್ ಸೋತಿದೆ. ಕೆಳಗಿನ ಗೇರ್ ಆಯಿಲ್ ಒಂದು ಚಮಚ ಬಿಚ್ಚಿಸಿ ನೋಡಿ, ಚಹಾಕ್ಕೆ ಹಾಲು ಹಾಕಿದ ಬಣ್ಣ ಇದ್ದರೆ ನೀರು ಒಳಗೆ ಹೋಗಿದೆ. ಥರ್ಮೋಸ್ಟಾಟ್ ಬಿಚ್ಚಲು ಒಪ್ಪದವನ ಹತ್ತಿರ ಕೊಳ್ಳಲೇಬೇಡಿ. ಹೊಸದಾಗಿ ಬಣ್ಣ ಹೊಡೆದದ್ದಕ್ಕಿಂತ ಗೀರು ಬಿದ್ದ ಹಳೇ ಬಣ್ಣದ ಎಂಜಿನ್ ವಾಸಿ, ಅದರಲ್ಲಿ ಮುಚ್ಚಿಡೋದು ಏನೂ ಇರಲ್ಲ. ರೇಟಿನ ಜೊತೆಗೆ ಹೊಸ ಆನೋಡ್, ಪಂಪಿನ ರಬ್ಬರ್, ಥರ್ಮೋಸ್ಟಾಟ್ ಮೂರರ ದುಡ್ಡನ್ನು ಎತ್ತಿಟ್ಟುಕೊಳ್ಳಿ.

ಟಿಡಿಎಸ್ ಮೀಟರ್ ನನ್ನ ಹತ್ತಿರ ಇದೆ. ನವನಗರದ ಕಡೆ ಬರೋರು ಒಯ್ಯಬಹುದು, ಎರಡು ದಿನದಲ್ಲಿ ವಾಪಸ್ ಕೊಡಬೇಕು.